ಸಹಿಯ ಮೇಲೆ ಕೂತ ಕಪ್ಪು ಚುಕ್ಕೆ

ಸರ್ಕಾರಿ ಕಚೇರಿಗಳಿಗೆ ಕಂಪ್ಯೂಟರು ಬಂದಿದೆ. ಅಲೆಯುವವರು ಮಾತ್ರ ಇವತ್ತಿಗೂ ನಾವೇ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿ ಸೀತೂರಿಗೆ ಸೊಸೆಯಾಗಿ ಬಂದ ನಯನ, 2008ರ ದಸರಾ ಕಳೆದ ಮೇಲೆ ಊರಿನ ಅಂಗನವಾಡಿಗೆ ಕಾರ್ಯಕರ್ತೆಯಾಗಿ ಆಯ್ಕೆಯಾದಳು. ಉಳಿದದ್ದು ಒಂದೇ: ತವರಿನ ಕಡೆ ಕೊಟ್ಟ ಜಾತಿ ಪ್ರಮಾಣಪತ್ರವನ್ನು ಗಂಡನ ಊರಿನ ತಾಲ್ಲೂಕಾದ ಎನ್.ಆರ್.ಪುರದ ಕಚೇರಿ ಒಪ್ಪಬೇಕು. ಆ ವರ್ಷ ಹೊಸ ಏರ್ಪಾಡು. ಕೊಪ್ಪದ ಒಂದು ಕಚೇರಿಯವರು ಪತ್ರವನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ, ಇಲ್ಲಿಯವರು ಪರದೆಯ ಮೇಲೆ ನೋಡುತ್ತಾರೆ. ಇನ್ನು ಜನ ಕಾಗದ ಹಿಡಿದು ತಿರುಗಬೇಕಿಲ್ಲ ಎಂದು ಭಾಷಣವೂ ಆಗಿತ್ತು.

ಶುಕ್ರವಾರ ಬೆಳಿಗ್ಗೆ ಎನ್.ಆರ್.ಪುರದ ಗುಮಾಸ್ತ ಗಜಾನನ ತಲೆಯೆತ್ತದೆ ಹೇಳಿದ: “ನಿಮ್ಮದು ತಿರಸ್ಕಾರ ಆಗಿದೆ. ಸಹಿ ಮೇಲೆ ಮಸಿ ಬಳಿದಿದ್ದೀರಿ. ಸಂಜೆಯೊಳಗೆ ಸರಿಯಾಗದಿದ್ರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ.”

“ಮಸಿಯಾ? ಮೂಲ ಪತ್ರ ನನ್ನ ಕೈಲೇ ಇದೆ ಸಾರ್. ನೋಡಿ, ಸಹಿ ಎಷ್ಟು ಚೊಕ್ಕ ಇದೆ.”

“ಅದನ್ನ ನೋಡೋ ಹಾಗಿಲ್ಲ. ಕಂಪ್ಯೂಟರಿನಲ್ಲಿ ಬಂದದ್ದು ಮಾತ್ರ ಅಂತ ಸುತ್ತೋಲೆ ಇದೆ ಮಾರಾಯ್ತಿ.”

ಕಣ್ಣೆದುರಿನ ಕಾಗದ ಸುಳ್ಳು, ತಂತಿಯಲ್ಲಿ ಬಂದ ಅದರ ನೆರಳು ಸತ್ಯ! ಇಂಥ ಸುತ್ತೋಲೆ ಬರೆದ ಮಹಾನುಭಾವರು ಯಾವತ್ತಾದರೂ ಸಾಲಿನಲ್ಲಿ ನಿಂತಿದ್ದಾರೆಯೇ? ನಯನ ಕಿಟಕಿ ಬಿಟ್ಟು ಕದಲಲಿಲ್ಲ. ಕೆಲಸ ಹೋಗುವುದಿರಲಿ, ಸುಳ್ಳು ಪತ್ರ ಕೊಟ್ಟವಳು ಎನ್ನಿಸಿಕೊಂಡು ಸೀತೂರಿನಲ್ಲಿ ಬಸ್ಸಿಳಿಯುವುದು ಹೇಗೆ?

“ಒಂದ್ಸಲ ಆ ಪರದೆ ಈ ಕಡೆ ತಿರುಗಿಸಿ” ಎಂದಳು.

“ಅದೆಲ್ಲ ಪಬ್ಲಿಕ್ಕಿಗೆ ತೋರಿಸೋದಲ್ಲ.”

“ನನ್ನ ಪತ್ರ ನಾನೇ ನೋಡಬಾರದಾ? ತಿರುಗಿಸಿ, ಇಲ್ಲಾಂದ್ರೆ ನಾನೇ ಒಳಗೆ ಬರ್ತೇನೆ.”

ಹಿಂದೆ ನಿಂತವರು ನಕ್ಕರು. ಗಜಾನನ ತಿರುಗಿಸಿದ. ಪತ್ರದ ಕೆಳಮೂಲೆಯಲ್ಲಿ, ಸಹಿಯ ಮೇಲೆಯೇ, ಬೆರಳಲ್ಲಿ ಒತ್ತಿದ ಹಾಗೆ ದುಂಡನೆಯ ಕಪ್ಪು ಚುಕ್ಕೆ.

“ಕೊಪ್ಪದಿಂದ ಬಂದ ಬೇರೆಯವರದ್ದು ಯಾವುದಾದ್ರೂ ತೆಗೀರಿ ಸಾರ್.”

ತೆಗೆದ. ಅದೇ ಮೂಲೆ, ಅದೇ ಚುಕ್ಕೆ. ಮತ್ತೊಂದು ತೆಗೆದ, ಅದೂ ಹಾಗೇ.

“ತಾಲ್ಲೂಕಿಗೆ ತಾಲ್ಲೂಕೇ ಸೇರಿ ಮಸಿ ಬಳಿದೆವಾ?”

ತಪ್ಪು ಅವಳದಲ್ಲ ಎಂದು ಗಜಾನನ ಒಪ್ಪಿದ. ಆದರೂ ಕೊಪ್ಪದ ಕಚೇರಿಗೆ ನೇರ ಫೋನು ಮಾಡಲು ಅವನಿಗೆ ಅನುಮತಿಯಿಲ್ಲವಂತೆ! ಬಸ್ಸು ಹತ್ತಿದ್ದು ಅವಳೇ.

ಕೊಪ್ಪದಲ್ಲಿ ಆಪರೇಟರ್ ಶಶಿಕಿರಣ್ ಸ್ಕ್ಯಾನರಿನ ಮುಚ್ಚಳ ಎತ್ತಿದ. ಗಾಜಿನ ಮೂಲೆಯಲ್ಲಿ ನೀರಲ್ಲಿ ಕಲಸಿದ ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಇಟ್ಟದ್ದು ಒಣಗಿ ಅಂಟಿಕೊಂಡಿತ್ತು; ಕಪ್ಪು-ಬಿಳುಪು ಸ್ಕ್ಯಾನಿನಲ್ಲಿ ಅದೇ ಕಪ್ಪು ಚುಕ್ಕೆ.

“ಅಯ್ಯೋ, ಮೇಲೆ ಇಟ್ಟರೆ ಅಳಿಸಿ ಹೋಗ್ತದೆ ಅಂತ ಒಳಗಿಟ್ಟೆ ಅಕ್ಕ.”

“ನಿನ್ನ ಭಕ್ತಿಗೆ ನನ್ನ ಕೆಲಸವೇ ನೈವೇದ್ಯ ಆಗ್ತಿತ್ತಲ್ಲ ಮಾರಾಯ! ಒರೆಸು ಮೊದಲು.”

ಒರೆಸಿ, ಅವಳ ಮೂಲ ಪತ್ರವನ್ನು ಮತ್ತೆ ಸ್ಕ್ಯಾನ್ ಮಾಡಿ ಕಳಿಸಿದ. ಸಂಜೆ ಅವಳು ಎನ್.ಆರ್.ಪುರ ಮುಟ್ಟುವಷ್ಟರಲ್ಲಿ ಗಜಾನನ ಕಿಟಕಿಯಿಂದಲೇ ಕೂಗಿದ: “ಬಂತು ಮಾರಾಯ್ತಿ, ಸಹಿ ಸ್ಪಷ್ಟ ಕಾಣ್ತದೆ! ಸೋಮವಾರ ಕೆಲಸಕ್ಕೆ ಹೋಗಿ.”

ನಯನ ಕಚೇರಿಯ ಮೆಟ್ಟಿಲ ಮೇಲೆ ಕೂತು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು.

ಅವಳದು ಸರಿಹೋಯಿತು, ಸಂತೋಷ. ಆದರೆ ಅದೇ ಚುಕ್ಕೆಯ ಕಾರಣಕ್ಕೆ ತಪ್ಪು ತಮ್ಮದೇ ಇರಬೇಕು ಅಂದುಕೊಂಡು ಸುಮ್ಮನೆ ಮನೆಗೆ ಹೋದವರೆಷ್ಟೋ! ಪತ್ರ ನಿಮ್ಮದು, ಹೆಸರು ನಿಮ್ಮದು. ನಾಳೆ ಯಾರಾದರೂ ‘ತಿರಸ್ಕಾರ’ ಎಂದರೆ ಬಾಯಿ ಮುಚ್ಚಿಕೊಂಡು ಹೊರಗೆ ಬರಬೇಡಿ. ಪರದೆ ಈ ಕಡೆ ತಿರುಗಿಸಿ ಅನ್ನಿ. ತಿರುಗಿಸುವ ತನಕ ಅಲ್ಲೇ ನಿಲ್ಲಿ.