ಗ್ಲೆನಿಸ್ ಹಾಕಿಂಗ್‌ಗೆ ಸಿಕ್ಕ ಹತ್ತು ದಿನ

ಗ್ಲೆನಿಸ್ ಹಾಕಿಂಗ್ ತಮ್ಮ ಅರವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ರಜೆ ತೆಗೆದುಕೊಂಡರು. ಹಾರ್ಷಮ್ ಪಟ್ಟಣದ ಆಚೆಗಿನ ಗೋಧಿ ಬಯಲಿನ ಸಣ್ಣ ಊರು ಅವರದು. ಹುಟ್ಟಿನಿಂದ ಬುದ್ಧಿ ಬೆಳೆಯದ, ಮಾತು ಬಾರದ ತಮ್ಮ ಮರ್ವಿನ್‌ನನ್ನು, ತಾಯಿ ಸತ್ತಮೇಲೆ ಇಪ್ಪತ್ತೊಂಬತ್ತು ವರ್ಷ ಒಬ್ಬರೇ ನೋಡಿಕೊಂಡವರು. ಇಂಥವರಿಗೆ ಸರ್ಕಾರ ವರ್ಷಕ್ಕೆ ಒಂದಿಷ್ಟು ದಿನ ಬಿಡುವು ಕೊಡುತ್ತದೆ. ಆ ದಿನಗಳಲ್ಲಿ ಆರೈಕೆ ಮನೆಯವರು ಮರ್ವಿನ್‌ನಂಥವರನ್ನು ಇಟ್ಟುಕೊಳ್ಳುತ್ತಾರೆ. ಗ್ಲೆನಿಸ್ ಪ್ರತಿ ವರ್ಷವೂ ಬೇಡ ಎನ್ನುತ್ತಿದ್ದರು. ಕೊನೆಗೆ ಡಾಕ್ಟರೇ, "ನೀವು ಮಲಗಿಬಿಟ್ರೆ ಅವನಿಗ್ಯಾರು?" ಎಂದು ಗದರಿದ್ದಕ್ಕೆ, ದೂರದ ಮಹಾನಗರದ ಬ್ರನ್ಸ್‌ವಿಕ್ ಬಡಾವಣೆಯಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಯನ್ನು ಹತ್ತು ದಿನಕ್ಕೆ ಬಾಡಿಗೆಗೆ ಹಿಡಿದರು.

ಬಂದ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟು ಅದನ್ನೇ ನೋಡುತ್ತಾ ಕೂತರು.

"ನಾಲ್ಕು ಹಾಳೆ ಬರೆದುಕೊಟ್ಟು ಬಂದಿದೀನಿ ಪುಟ್ಟಿ. ಮಾತ್ರೆ, ಸ್ನಾನ, ಯಾವ ಕಂಬಳಿ, ನಲ್ಲಿ ಸದ್ದಾದ್ರೆ ಹೆದರ್ತಾನೆ ಅಂತ. ಆದ್ರೂ ಏನೋ ಬಿಟ್ಟಿದೀನಿ ಅನ್ಸತ್ತೆ. ಒಬ್ಬನೇ ಇದ್ದು ಗೊತ್ತಿಲ್ಲ ಅವನಿಗೆ."

"ಏನೂ ಬಿಟ್ಟಿರಲ್ಲ, ಅವರಿಗೂ ಅದೇ ಕೆಲಸ. ಗಳಿಗೆಗೊಂದ್ಸಲ ಫೋನ್ ಮಾಡಿದ್ರೆ ನಿಮಗೂ ನೆಮ್ಮದಿ ಇಲ್ಲ, ಅವರಿಗೂ ಇಲ್ಲ" ಎಂದೆ. ಎಂಟು ತಿಂಗಳ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ದಿನಕ್ಕೆ ಮೂರು ಸಲ ಫೋನ್ ಮಾಡುವ ನಾನು ಕೊಟ್ಟ ಉಪದೇಶ ಅದು.

ಮರುದಿನ ಟ್ರಾಮ್ ಹತ್ತಿ ಚಿತ್ರಕಲೆಯ ಗ್ಯಾಲರಿಗೆ ಹೋದರು. ಅಲ್ಲಿನ ದೊಡ್ಡ ಸಭಾಂಗಣದಲ್ಲಿ ಜನ ನೆಲದ ಮೇಲೆ ಅಂಗಾತ ಮಲಗಿ ಬಣ್ಣದ ಗಾಜಿನ ಚಾವಣಿ ನೋಡುತ್ತಾರೆ. ಒಳ್ಳೇ ಕೋಟು ಕೊಳೆಯಾದೀತೆಂದು ಗ್ಲೆನಿಸ್ ಬಹಳ ಹೊತ್ತು ನಿಂತೇ ಇದ್ದು, ಆಮೇಲೆ ಮಲಗಿದರಂತೆ. ಪಕ್ಕದಲ್ಲೊಬ್ಬ ಗ್ರೀಕ್ ಮುದುಕ, ಟ್ರಾಮ್ ಓಡಿಸಿ ನಿವೃತ್ತನಾದ ಕೋಸ್ಟಾಸ್.

"ಏನಮ್ಮಾ, ಏಳಕ್ಕಾಗತ್ತಾ, ಇಲ್ಲಾ ಕ್ರೇನ್ ತರಿಸ್ಲಾ?"

"ಮೊದ್ಲು ನಿನ್ನ ಹೊಟ್ಟೆ ಎತ್ತಕ್ಕೆ ತರಿಸ್ಕೊ."

ಅವನೇ ಆ ಸಂಜೆ ಫಿಟ್ಸ್‌ರಾಯ್‌ನ ಒಂದು ಚರ್ಚಿಗೆ ಕರೆದೊಯ್ದ. ಯಾರು ಬೇಕಾದರೂ ಸೇರಿ ಹಾಡಬಹುದಾದ ಗಾಯನ ತಂಡ. ರಜೆಯ ಒಂಬತ್ತನೇ ದಿನ, ಭಾನುವಾರ, ತಂಡದ ಸಂಗೀತ ಕಛೇರಿ. ಪಾತ್ರೆ ತೊಳೆಯುತ್ತಾ ಗುನುಗುವುದಷ್ಟೇ ಗೊತ್ತಿದ್ದ ಗ್ಲೆನಿಸ್‌ಗೆ ಎರಡನೇ ಸಾಲಿನಲ್ಲಿ ಜಾಗ ಸಿಕ್ಕಿತು. ಹಗಲು ಮ್ಯೂಸಿಯಂ, ನಾಟಕ. ಸಂಜೆ ಅಭ್ಯಾಸ, ಆಮೇಲೆ ಹತ್ತು ಜನ ಒಂದೇ ಮೇಜಿಗೆ ಮುತ್ತಿಕೊಂಡು ಸೂಪು, ಬ್ರೆಡ್ಡು, ಹರಟೆ. ಮನೆಗೆ ಬಂದರೆ ಕೆನ್ನೆ ಕೆಂಪಗಿರುತ್ತಿತ್ತು.

ನಾಲ್ಕನೇ ದಿನ ಆರೈಕೆ ಮನೆಗೆ ಫೋನ್ ಮಾಡಿದರು. "ಚೆನ್ನಾಗಿದಾನೆ ಕಣ್ರೀ, ನೀವು ಆರಾಮಾಗಿರಿ" ಎಂದರಂತೆ. ಏಳನೇ ದಿನ, ಶುಕ್ರವಾರ, ಮತ್ತೆ ಮಾಡಿದರು. "ಊಟ ಸ್ವಲ್ಪ ಕಮ್ಮಿ, ಹೊಸ ಜಾಗ ಅಲ್ವಾ? ಸರಿಹೋಗತ್ತೆ."

ಗ್ಲೆನಿಸ್ ಎದ್ದು ಚೀಲಕ್ಕೆ ಬಟ್ಟೆ ತುಂಬತೊಡಗಿದರು.

"ಮರ್ವ್ ಊಟ ಬಿಡೋನಲ್ಲ. ನಾನು ಹೊರಟೆ."

"ನನ್ನ ಮಗಳೂ ಶಿಶುವಿಹಾರದಲ್ಲಿ ಮೊದಲ ವಾರ ಏನೂ ಮುಟ್ಟಲಿಲ್ಲ" ಎಂದೆ. "ಇನ್ನೆರಡು ದಿನ ತಾನೆ? ಹಾಡಿ ಹೋಗಿ."

ಗ್ಲೆನಿಸ್ ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿ ಇಟ್ಟರು.

ಭಾನುವಾರ ಮಗುವನ್ನು ಕಟ್ಟಿಕೊಂಡು ನಾನೂ ಹೋಗಿದ್ದೆ. ಅಷ್ಟು ಅಗಲ ಬಾಯಿ ತೆರೆದು ಹಾಡುವ ಹೆಂಗಸು ನಮ್ಮನೆಯಲ್ಲಿದ್ದವರೇ ಎಂದು ನಂಬಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ನಡುದಾರಿಯ ಅರಾರಟ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಅವರು ತಲುಪುವಷ್ಟರಲ್ಲಿ ಮರ್ವಿನ್‌ಗೆ ಅಕ್ಕನ ಗುರುತು ಸಿಗುತ್ತಿರಲಿಲ್ಲ. ಮೂತ್ರಪಿಂಡ ಸೋತಿತ್ತು. ಗುರುವಾರ ಹೋದ.

ನಾಲ್ಕು ಹಾಳೆಯಲ್ಲಿ ಇಲ್ಲದ್ದು ಒಂದೇ. ಮರ್ವಿನ್ ಎದುರಿಗೆ ಯಾರಾದರೂ ಕೂತು ತಿಂದರೆ ಮಾತ್ರ ತಿನ್ನುತ್ತಿದ್ದ. ಅವರು ಅಗಿದರೆ ತಾನೂ ಅಗಿಯುತ್ತಿದ್ದ, ಅವರು ಲೋಟ ಎತ್ತಿದರೆ ತಾನೂ ಎತ್ತುತ್ತಿದ್ದ. ಇಬ್ಬರೇ ಇದ್ದ ಮನೆಯಲ್ಲಿ ಅದು ಬರೆದಿಡುವ ವಿಷಯವೆಂದು ಯಾರಿಗೆ ಹೊಳೆಯಬೇಕು? ಆರೈಕೆ ಮನೆಯಲ್ಲಿ ಕೆಲಸದವರು ಅಲ್ಲಿರುವವರ ಜೊತೆ ಕೂತು ತಿನ್ನುವಂತಿಲ್ಲ, ನಿಯಮ. ತಟ್ಟೆ ಇಟ್ಟರು, ತೆಗೆದರು, "ಊಟ ನಿರಾಕರಿಸಿದ" ಎಂದು ದಿನಾ ಬರೆದರು. ಮಾತ್ರೆಯ ಜೊತೆ ಕುಡಿಸಿದ ಗುಟುಕು ನೀರಷ್ಟೇ ಅವನ ಹೊಟ್ಟೆಗೆ ಹೋಗಿದ್ದು. ಅಕ್ಕನ ರಜೆ ಹಾಳಾಗದಿರಲಿ ಎಂದು ತಾವಾಗಿ ಫೋನ್ ಮಾಡಲಿಲ್ಲ. ಕೆಟ್ಟವರೇನಲ್ಲ.

ಮಣ್ಣಿಗೆ ನಾವೂ ಹೋದೆವು, ಕೋಸ್ಟಾಸ್‌ನ ಕಾರಿನಲ್ಲಿ. ತಂಡದ ಪರವಾಗಿ ಒಂದು ಹಾಡು ಹೇಳಲೇ ಎಂದು ಅವನು ಕೇಳಿದ್ದಕ್ಕೆ ಗ್ಲೆನಿಸ್ ಬೇಡವೆಂದು ತಲೆಯಾಡಿಸಿದರು. ಆಮೇಲೆ ಊರಿನ ಹೆಂಗಸರು ತಂದ ಸ್ಯಾಂಡ್‌ವಿಚ್ ತಟ್ಟೆಗಳ ಪಕ್ಕ ನಾನೊಬ್ಬಳೇ ಇದ್ದಾಗ ಹತ್ತಿರ ಬಂದರು.

"ಭಾನುವಾರ ಹಾಡೋವಾಗ ಅವನ ನೆನಪು ಒಂದ್ಸಲನೂ ಬರಲಿಲ್ಲ ಪುಟ್ಟಿ."

ಹೊರಟವರನ್ನು ತಡೆದದ್ದು ನಾನು. ಅದನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.