ಬಿಳಿ ಗೆರೆ

ಯಾರ ಮನೆಗೆ ಹೋದರೂ ಫಕ್ಕೀರಪ್ಪ ಕಾಕಾ ಮೊದಲು ನೋಡುತ್ತಿದ್ದುದು ಬಚ್ಚಲಿನ ಬಕೆಟ್ಟನ್ನು. ಅದನ್ನು ಬಿಸಿಲಿಗೆ ಹಿಡಿದು, ಬಣ್ಣದ ಗೆರೆ ಹುಡುಕಿ, "ಕಲಸೇ ಇಲ್ಲ ಮಕ್ಕಳು, ಹಂಗ ಸುರದಾರ" ಎಂದು ಅದನ್ನು ಮಾಡಿದವರನ್ನು ಬೈಯುತ್ತಿದ್ದರು. ನನ್ನ ಮದುವೆಯಲ್ಲಿ ಬೀಗರ ಎದುರಿಗೂ ಹೀಗೇ ಮಾಡಿದರು. ನನ್ನ ಹೆಂಡತಿಯ ತವರಿನವರಿಗೆ ಅವರು ಇವತ್ತಿಗೂ ಬಕೆಟ್ ಕಾಕಾ.

ಶಿಗ್ಗಾವಿಯ ಹೊರಗೆ ನಾವಿಬ್ಬರೂ ದುಡಿಯುತ್ತಿದ್ದ ಸಣ್ಣ ಕಾರ್ಖಾನೆ, ಹೊಲಕ್ಕೆ ಹನಿ ನೀರಿನ ಪೈಪು ಮಾಡುವಂಥದು. ದಾಣಾ ಅಂದರೆ ಪ್ಲಾಸ್ಟಿಕ್ಕಿನ ಕಾಳು; ಬಿಳಿ ದಾಣಾಕ್ಕೆ ಒಂದಿಷ್ಟು ಕಪ್ಪು ದಾಣಾ ಸೇರಿಸಿ ಯಂತ್ರದ ಬಾಯಿಗೆ ಸುರಿಯುತ್ತೇವೆ. ಒಳಗಿನ ತಿರುಪು ಅದನ್ನು ಕರಗಿಸಿ, ನಾದಿ, ಪೈಪಾಗಿ ಹೊರಗೆ ತಳ್ಳುತ್ತದೆ. ಬಿಸಿಲಿನಿಂದ ಪೈಪನ್ನು ಕಾಯುವುದು ಆ ಕಪ್ಪೇ. ಅದು ಎಲ್ಲ ಕಡೆ ಸಮನಾಗಿ ಬೆರೆಯದಿದ್ದರೆ ಬಿಳಿ ಗೆರೆ ಉಳಿಯುತ್ತದೆ, ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಗೆರೆಗುಂಟ ಪೈಪು ಸೀಳುತ್ತದೆ. ಕಾಕಾ ಪ್ರತಿ ಸುರುಳಿಯಿಂದ ಬ್ಲೇಡಿನಲ್ಲಿ ತೆಳ್ಳಗಿನ ಚೂರೊಂದನ್ನು ಹೆರೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಅವರು ಹೂಂ ಎಂದ ಮೇಲೆಯೇ ಸುರುಳಿ ಲಾರಿ ಹತ್ತುತ್ತಿತ್ತು.

ಹಾನಗಲ್ಲಿನ ಗಿರಾಕಿಗಳು ಬಾಗಿಲಲ್ಲಿ ಬಂದು ಕೂತ ದಿನ ಮಾಲೀಕರು, "ಕಾಕಾ, ಸ್ವಲ್ಪ ಜೋರು ಬಿಡ್ರಲಾ" ಎಂದರೆ, ಇವರು ಬೇಕಂತಲೇ ತಿರುಪಿನ ಮುಂದೆ ಇನ್ನೂ ಸಣ್ಣ ತೂತಿನ ಜಾಲರಿ ಹಾಕಿ ಪೈಪು ಬರುವುದನ್ನು ತಡೆಯುತ್ತಿದ್ದರು.

"ಮುಂದ ತಡದ್ರನ ಹಿಂದ ಚಲೋ ಕೂಡ್ತೈತ್ರಿ ಸಾಹುಕಾರ್ರ. ಹಿಟ್ಟು ನಾದಲಾರದ ರೊಟ್ಟಿ ಬಡದ್ರ ಅಂಚು ಬಿರಿಯಂಗಿಲ್ಲೇನು?"

ಮಾಲೀಕರು ಗೊಣಗುತ್ತ ಹೋಗಿ ಗಿರಾಕಿಗಳಿಗೆ ಮತ್ತೊಂದು ಸುತ್ತು ಚಹಾ ತರಿಸುತ್ತಿದ್ದರು.

ಕಾಕಾಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಣ್ಣಿಗೆ ಇಳಿದದ್ದು ಗೊತ್ತಾದದ್ದು ಒಂದು ಮಧ್ಯಾಹ್ನ. ಚೂರು ನೋಡಿ, ಹೂಂ ಎಂದು, ನನ್ನ ಕೈಗೆ ಕೊಟ್ಟರು. ಬಿಳಿ ಗೆರೆ ಎದ್ದು ಕಾಣುತ್ತಿತ್ತು.

"ಕಾಕಾ, ಗೆರಿ ಅದಾವಲ್ರಿ ಇದರಾಗ."

"ಎಲ್ಲಿ?"

ಬೆರಳಿಟ್ಟು ತೋರಿಸಿದೆ. ಮತ್ತೆ ಕಿಟಕಿಗೆ ಹಿಡಿದರು, ತಿರುಗಿಸಿದರು, ಮೂಗಿನ ತನಕ ತಂದರು. ಆಮೇಲೆ ತಾವೇ ಹೋಗಿ ಯಂತ್ರ ನಿಲ್ಲಿಸಿದರು.

"ನನಗ ಬರೇ ಕರ್ರಗ ಕಾಣತೈತಿ. ಎಷ್ಟ್ ದಿನದಿಂದ ಹಿಂಗ ಹೂಂ ಅಂದೇನೋ ಏನೋ" ಎಂದವರು ನೆಲದ ಮೇಲೇ ಕುಳಿತುಬಿಟ್ಟರು. ಕೆಲಸದ ಹೊತ್ತಿನಲ್ಲಿ ಅವರು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಾಕಾ ಕೆಲಸ ಬಿಟ್ಟರು. ಮಾಲೀಕರು ಗೋದಾಮಿನಲ್ಲಿದ್ದ ಮಾಲನ್ನು ತಿರುಗಿ ಕರಗಿಸಿ, ಹೊರಗೆ ಹೋದದ್ದು ಹೋಯಿತು ಎಂದು ಕೈ ತೊಳೆದುಕೊಂಡರು. ಕಾಕಾಗೆ ಅದು ಆಗಲಿಲ್ಲ. ರವಿವಾರ ಬಂತೆಂದರೆ ನನ್ನನ್ನು ಎಬ್ಬಿಸಿಕೊಂಡು ಬಸ್ಸು ಹತ್ತುತ್ತಿದ್ದರು, ತಮ್ಮ ಪೈಪು ಹೋದ ಹೊಲಗಳಿಗೆ. ನಾನು ನೋಡುವುದು, ಅವರು ಹೆಬ್ಬೆರಳಿನಿಂದ ಸವರುವುದು. ಸವಣೂರಿನ ಎಲೆತೋಟಗಳಲ್ಲಿ ಪೈಪು ಗಟ್ಟಿಯಾಗಿಯೇ ಇತ್ತು. ಆ ದಿನ ನನಗೆ ತಿನ್ನಲು ಸವಣೂರಿನ ಖಾರ ಕೊಡಿಸಿ, ಬಸ್ಸಿನಲ್ಲಿ ನಗುತ್ತ ಬಂದರು. ಹಿರೇಕೆರೂರಿನ ಹತ್ತಿರ ಒಬ್ಬ ಹೆಣ್ಣುಮಗಳ ಹತ್ತಿ ಹೊಲದಲ್ಲಿ ಮಾತ್ರ ಪೈಪು ಉದ್ದಕ್ಕೂ ಸೀಳಿತ್ತು. ನೀರು ಬದುವಿಗೆ ಹರಿದು, ಆಚೆಯ ಗಿಡಗಳೆಲ್ಲ ಒಣಗಿ ನಿಂತಿದ್ದವು.

"ಬಿಸಲು ಭಾಳ ಇತ್ರಿ ಯಪ್ಪಾ, ನಿಮ್ದೇನ್ ತಪ್ಪು" ಎಂದು ಆಕೆ ಮಜ್ಜಿಗೆ ತಂದಳು.

"ಬಿಸಲು ತಡೀಲಿ ಅಂತನ ಮಾಡೋದವ್ವ ಅದನ್ನ" ಎಂದರು ಕಾಕಾ. ಮಜ್ಜಿಗೆ ಕುಡಿಯಲಿಲ್ಲ. ಸೀಳಿನ ಒಳಗೆ ಹೆಬ್ಬೆರಳಿಟ್ಟುಕೊಂಡು ಸಾಲುಗುಂಟ ಬಗ್ಗಿ ನಡೆದೇ ನಡೆದರು. ಅದನ್ನು ನೋಡಲಾಗದೆ ನಾನು ಬೇರೆ ಕಡೆ ಮುಖ ತಿರುಗಿಸಿದೆ. ಆಮೇಲೆ ಅವರು ಎಲ್ಲಿಗೂ ಕರೆಯಲಿಲ್ಲ.

ತೀರಿಕೊಳ್ಳುವ ಮುಂಚಿನ ವಾರ ಅವರ ಮನೆಗೆ ಹೋಗಿದ್ದೆ. ಆ ಹೊತ್ತಿಗೆ ಏನೂ ಕಾಣುತ್ತಿರಲಿಲ್ಲ. ದನಿಯಿಂದ ನನ್ನ ಗುರುತು ಹಿಡಿದರು.

"ಈಗ ಚೂರು ಯಾರು ನೋಡ್ತಾರೋ?"

"ನಾನ ನೋಡತೇನ್ರಿ ಕಾಕಾ."

"ನೀ ನೋಡಿದ ಮ್ಯಾಲ ಯಾರಿಗೆ ತೋರಸ್ತಿ?"

ಯಾರಿಗೂ ಇಲ್ಲ ಎಂದೆ. ಅವರು ತಡಕಾಡಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ತೋರ್ಸು ಯಪ್ಪಾ. ಕಣ್ಣು ಹೋಗೋದು ಕಣ್ಣಿಗೆ ಗೊತ್ತಾಗಂಗಿಲ್ಲ."