ಜಡ್ಜ್ ಕುರ್ಚಿಗಿಂತ ಮೊದಲು ಮನೆಬಾಗಿಲು

2006ರಲ್ಲಿ ನಾನು ಮಿಶಿಗನ್‌ನ ಸೌತ್‌ಫೀಲ್ಡ್‌ನಲ್ಲಿ ಒಂದು ರಾಜಕೀಯ ಪಕ್ಷದ ಫೀಲ್ಡ್ ಆರ್ಗನೈಸರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಸ್ವಯಂಸೇವಕರನ್ನು ಒಟ್ಟುಗೂಡಿಸಿ, ಮನೆಮನೆಯ ಬಾಗಿಲು ತಟ್ಟಿಸಿ, ಜನರನ್ನು ಮತಗಟ್ಟೆಗೆ ಕಳಿಸುವುದು. ಮೈಸೂರಿನಲ್ಲಿ ಬ್ಯಾಂಕ್ ಗುಮಾಸ್ತೆಯಾಗಿದ್ದವಳಿಗೆ ಇದು ಹೇಗೆ ಅಂಟಿಕೊಂಡಿತೋ ದೇವರೇ ಬಲ್ಲ. ನನ್ನ ಬಾಯಿ ಸ್ವಲ್ಪ ಜೋರು, ಬಹುಶಃ ಅದೇ ಅರ್ಹತೆ.

ಆ ವರ್ಷ ನಮ್ಮ ಕಣ್ಣು ಪಕ್ಕದ ಕ್ಷೇತ್ರದ ಮೇಲಿತ್ತು. ರಾಜ್ಯದ ಶಾಸನಸಭೆಯ ಒಂದು ಸೀಟು. ನಮ್ಮ ಕನ್ನಡದವರ ಮುಖಂಡ, ವಿಜಯಪುರ ಕಡೆಯ ಸರ್ಜನ್ ಡಾಕ್ಟರ್ ಪಾಟೀಲರಿಗೆ ಮಾತ್ರ ಅದೆಂದರೆ ಅಸಡ್ಡೆ. ಫೆಡರಲ್ ಕೋರ್ಟಿಗೆ ಯಾರು ಜಡ್ಜ್ ಆಗಬೇಕೆಂದು ಸೆನೆಟರ್‌ಗಳಿಗೆ ಪತ್ರ ಬರೆಸುವುದೇ ಅವರ ಶನಿವಾರದ ಕಾಯಕ. ನಮ್ಮವರಿಗೂ ಅದೇ ಹಿತ. ಬೇಸ್‌ಮೆಂಟಿನಲ್ಲಿ ಕುಳಿತು ಚೂಡಾ ಮೆಲ್ಲುತ್ತಾ ವಾಷಿಂಗ್ಟನ್ ಬಗ್ಗೆ ಮೂರು ಗಂಟೆ ಮಾತಾಡುತ್ತಾರೆ. ಒಂದು ಮನೆಯ ಬೆಲ್ ಒತ್ತಿ ಬನ್ನಿ ಎಂದರೆ, “ಕರೀದೆ ಇನ್ನೊಬ್ರ ಮನೆಗೆ ಹೇಗ್ರೀ ಹೋಗೋದು?” ಎನ್ನುತ್ತಾರೆ.

“ಎಮ್ಮೆಲ್ಲೆ ಎರಡು ವರ್ಷ ಇರ್ತಾನ, ಜಡ್ಜ್ ಸಾಯೋತನಕ ಇರ್ತಾನ. ಯಾವುದು ದೊಡ್ಡದು, ನೀವ ಹೇಳ್ರಿ ಮೇಡಂ,” ಎಂದರು ಪಾಟೀಲರು.

ಮಾತು ಸುಳ್ಳಲ್ಲ. ಆದರೂ ನನಗೆ ರೇಗಿತು. “ಆ ಜಡ್ಜನ್ನ ಕೂರಿಸೋರು ಯಾರು ಡಾಕ್ಟ್ರೇ? ಗೆದ್ದೋರು. ಸೋತವರ ಪತ್ರ ಯಾರು ಓದ್ತಾರೆ?” ಎಂದವಳೇ ಅವರ ಬೇಸ್‌ಮೆಂಟಿನಿಂದಲೇ ಹತ್ತು ಜನರನ್ನು ಎಬ್ಬಿಸಿಕೊಂಡು ಹೊರಟೆ. ನವೆಂಬರಿನಲ್ಲಿ ಕೂದಲೆಳೆ ಅಂತರದಲ್ಲಿ ಸೀಟು ನಮ್ಮದಾಯಿತು. ಪಾಟೀಲರು ನನ್ನೊಡನೆ ಮಾತು ಬಿಟ್ಟರು.

ಅವರ ಫೋನ್ ಬಂದದ್ದು 2008ರ ಜನವರಿಯಲ್ಲಿ. ಕಾಯಂ ನಿವಾಸಿಗಳಲ್ಲದವರಿಗೆ ಇನ್ನು ಡ್ರೈವಿಂಗ್ ಲೈಸೆನ್ಸ್ ಇಲ್ಲ ಎಂಬ ನಿಯಮ ರಾಜ್ಯದಲ್ಲಿ ಆಗಷ್ಟೇ ಬಂದಿತ್ತು. ಎಚ್-1ಬಿ ವೀಸಾದಲ್ಲಿ ಕಾನೂನುಬದ್ಧವಾಗಿ ದುಡಿಯುವವರೂ ಅದರಲ್ಲಿ ಸಿಕ್ಕಿಬಿದ್ದರು. ಪಾಟೀಲರು ಕರೆತಂದ ಶಬಾನಾ ಅಂಥವಳೇ. ಕಲಬುರಗಿಯ ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಬಡಿದವರ ಮನೆಗೇ ಹೋಗಿ ಅವರಿಗೆ ಮತ್ತೆ ನಡೆಯಲು ಕಲಿಸುತ್ತಿದ್ದಳು.

“ಆಂಟಿ, ನನ್ನ ಲೈಸೆನ್ಸ್ ಇನ್ನ ನಾಲ್ಕು ವಾರಕ್ಕ ಮುಗೀತದ್ರಿ. ಡ್ರೈವ್ ಮಾಡ್ಲಿಕ್ಕಿಲ್ಲ ಅಂದ್ರ ಕೆಲಸ ಇಲ್ಲ, ಕೆಲಸ ಇಲ್ಲ ಅಂದ್ರ ವೀಸಾ ಇಲ್ಲ. ನಾ ಏನು ತಪ್ಪು ಮಾಡೀನ್ರಿ?”

ಪಾಟೀಲರು ಅದಾಗಲೇ ವಕೀಲರನ್ನು ಕಂಡು ಬಂದಿದ್ದರು. “ಕೇಸ್ ಗಟ್ಟಿ ಅದಂತ, ಜಡ್ಜೂ ಒಳ್ಳೆಯವನಂತ. ಆದ್ರ ವಿಚಾರಣೆ ಬರೋದು ಬೇಸಿಗೆಗೆ,” ಎಂದು ತಲೆ ತಗ್ಗಿಸಿದರು. ಬೇಸಿಗೆಯ ಹೊತ್ತಿಗೆ ಈ ಹುಡುಗಿ ಇಲ್ಲಿರುತ್ತಿರಲಿಲ್ಲ.

ನಾವು ಗೆಲ್ಲಿಸಿದ ಶಾಸಕಿಗೆ ಫೋನ್ ಮಾಡಿದೆ. ಅಂದು ಯಾವ ಬೀದಿ ತನಗೆ ಮತ ಹಾಕಿತೆಂದು ಆಕೆಗೆ ಬಾಯಿಪಾಠವಾಗಿತ್ತು. “ಕರೆದುಕೊಂಡು ಬನ್ನಿ,” ಎಂದರು. ಎರಡನೇ ವಾರ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಶಾಸನಸಭೆಯ ಸಮಿತಿಯ ಮುಂದೆ ಶಬಾನಾ ನಿಂತಿದ್ದಳು. ಹಿಮದಲ್ಲಿ ತೊಂಬತ್ತು ಮೈಲಿ ಡ್ರೈವ್ ಮಾಡಿದವರು ಪಾಟೀಲರೇ. ತನ್ನ ವಿಷಯ ಅವಳು ಹೆಚ್ಚು ಹೇಳಲಿಲ್ಲ. ಅಡುಗೆಮನೆಯತನಕ ನಡೆಯಲು ಕಲಿತಿದ್ದ ಒಬ್ಬ ಮುದುಕರಿಗೆ ಮುಂದಿನ ತಿಂಗಳಿನಿಂದ ಕೈ ಹಿಡಿಯುವವರಿಲ್ಲ ಎಂದಳು, ಕುಳಿತಳು. ನಾನು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಆ ಫೆಬ್ರವರಿಯಲ್ಲೇ ಕಾನೂನು ಬದಲಾಯಿತು. ನಮ್ಮ ಒಂದು ಸೀಟಿನಿಂದಲೇ ಆಯಿತೆಂದರೆ ಕೊಚ್ಚಿಕೊಂಡಂತಾದೀತು. ಕಂಪನಿಗಳವರು, ಎದುರು ಪಕ್ಷದವರು, ಎಲ್ಲರೂ ದನಿಗೂಡಿಸಿದ್ದರು. ಆದರೆ ಶಬಾನಾಳನ್ನು ಒಳಗೆ ಕರೆದದ್ದು ಆ ಸೀಟು. ಅವಧಿ ಮುಗಿಯುವ ಮೊದಲೇ ಅವಳ ಲೈಸೆನ್ಸ್ ನವೀಕರಣವಾಯಿತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಒಳ್ಳೆಯ ಜಡ್ಜ್ ಬೇಕೇ ಬೇಕು. ಆದರೆ ಪಕ್ಷ ಮೊದಲು ಚುನಾವಣೆ ಗೆಲ್ಲಬೇಕು. ಕಾನೂನು ಬರೆಯುವವರನ್ನೂ ಜಡ್ಜ್ ಆರಿಸುವವರನ್ನೂ ಕಳಿಸುವುದು ಅದೇ ಬೀದಿಯ ಅದೇ ಮನೆಗಳು.

ಆ ಶರತ್ಕಾಲದಲ್ಲಿ ಮತ್ತೆ ಚುನಾವಣೆ ಬಂದಾಗ ಪಾಟೀಲರು ಜೀವನದಲ್ಲಿ ಮೊದಲ ಬಾರಿಗೆ ಅಪರಿಚಿತರೊಬ್ಬರ ಬೆಲ್ ಒತ್ತಿದರು. ಒಳಗೆ ಹೆಜ್ಜೆಯ ಸದ್ದು ಕೇಳಿದ್ದೇ ಎದೆ ಕೊಯ್ಯುವ ಸರ್ಜನ್ ನನ್ನತ್ತ ತಿರುಗಿದರು.

“ಏನಂತ ಹೇಳ್ಲಿರಿ ಮೇಡಂ?”

“ಶಬಾನಾಗೆ ಏನಾಯ್ತು ಅಂತ ಹೇಳಿ,” ಎಂದೆ. ಬಾಗಿಲು ತೆರೆಯಿತು.